ಒಂದೇ ಕೊಲೆ ಸಾಕು, ನೂರು ಕೊಲೆಯೂ ಸಾಲದು

ಕಾರವಾರ, ಅಂಕೋಲಾ ಕಡೆ ನೌಕಾನೆಲೆ ಯೋಜನೆಯಾದ ಸೀಬರ್ಡ್‌ಗೆ ಜಮೀನು ಬಿಟ್ಟುಕೊಟ್ಟ ಕುಟುಂಬದವರು ಪರಿಹಾರದ ಕಾಗದ ಹಿಡಿದು ಬಂದಾಗ ಒಮ್ಮೊಮ್ಮೆ ಕೇಳುತ್ತಾರೆ: "ವಕೀಲರೇ, ಊರಿಗೆ ಊರೇ ಎಬ್ಬಿಸಿದ್ರಲ್ಲ, ಇದು ಮಾನವೀಯತೆಯ ವಿರುದ್ಧದ ಅಪರಾಧ ಅಲ್ವಾ?"

ಅಲ್ಲ. ಅನ್ಯಾಯ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದವರ ಸಿಟ್ಟು ಸುಮ್ನೆ ಬಂದದ್ದಲ್ಲ. ಆದರೆ ಈ ಅಪರಾಧದ ಅಳತೆಗೋಲೇ ಬೇರೆ.

ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟನ್ನು ಹುಟ್ಟುಹಾಕಿದ ಒಪ್ಪಂದವಾದ 1998ರ ರೋಮ್ ಶಾಸನದ 7ನೇ ವಿಧಿಯಲ್ಲಿ ಅದರ ವ್ಯಾಖ್ಯೆ ಇದೆ. ಕೊಲೆ, ಗುಲಾಮಗಿರಿ, ಚಿತ್ರಹಿಂಸೆ, ಅತ್ಯಾಚಾರ, ಬಲವಂತದ ಸ್ಥಳಾಂತರ, ಜನರನ್ನು ನಾಪತ್ತೆ ಮಾಡುವುದು, ಹೀಗೆ ಪಟ್ಟಿ ಉದ್ದವಿದೆ. ಎಲ್ಲರೂ ಓದುವುದು ಈ ಪಟ್ಟಿಯನ್ನೇ. ಕೇಸು ನಿಲ್ಲುವುದೋ ಬೀಳುವುದೋ ಅದರ ಮೇಲಿನ ಸಾಲಿನಲ್ಲಿ. ನಾಗರಿಕರ ಮೇಲೆ ವ್ಯಾಪಕವಾದ ಇಲ್ಲವೇ ವ್ಯವಸ್ಥಿತವಾದ ದಾಳಿ ನಡೆದಿರಬೇಕು. ಆ ದಾಳಿಯ ಹಿಂದೆ ಸರ್ಕಾರದ ಅಥವಾ ಯಾವುದಾದರೂ ಸಂಘಟನೆಯ ನೀತಿ ಇರಬೇಕು. ಕೃತ್ಯ ಆ ದಾಳಿಯ ಭಾಗವಾಗಿರಬೇಕು, ಮಾಡಿದವನಿಗೆ ಅದು ಗೊತ್ತಿರಬೇಕು. ಸೀಬರ್ಡ್‌ಗಾಗಿ ಊರು ಎಬ್ಬಿಸಿದ್ದು ಅಂಥ ದಾಳಿಯಲ್ಲ.

ಹಾಗಾಗಿ ಒಬ್ಬನೇ ತಲೆಕೆಟ್ಟು ನೂರು ಜನರನ್ನು ಕೊಂದರೂ ಅದು ಈ ಅಪರಾಧವಲ್ಲ. ದಾಳಿ ನಡೆಯುತ್ತಿದೆ ಎಂದು ಗೊತ್ತಿದ್ದೂ ಅದರ ಭಾಗವಾಗಿ ಸಿಪಾಯಿಯೊಬ್ಬ ಒಬ್ಬರನ್ನೇ ಕೊಂದರೆ ಅಪರಾಧ. ಇಡೀ ಸಂಚು ಅವನಿಗೆ ತಿಳಿದಿರಬೇಕಿಲ್ಲ. ನೀತಿಗೆ ಸಹಿ ಹಾಕಿದ ಆದೇಶವೂ ಬೇಕಿಲ್ಲ. ನಡೆದದ್ದನ್ನು ನೋಡಿ ಕೋರ್ಟು ಊಹಿಸಬಹುದು.

ಯುದ್ಧವೂ ಬೇಕಿಲ್ಲ. ಮೊದಲು ಹೀಗಿರಲಿಲ್ಲ. ನಾಜಿ ನಾಯಕರ ವಿಚಾರಣೆಗೆ ನ್ಯಾಯಮಂಡಳಿ ರಚಿಸಿದ 1945ರ ನ್ಯೂರೆಂಬರ್ಗ್ ಸನ್ನದಿನಲ್ಲಿ ಯುದ್ಧದ ನಂಟು ಬೇಕಿತ್ತು. ಅದಕ್ಕೇ 1939ಕ್ಕೂ ಮೊದಲು ಜರ್ಮನಿಯ ಯಹೂದಿಗಳು ಅನುಭವಿಸಿದ್ದನ್ನು ಆ ನ್ಯಾಯಮಂಡಳಿ ಈ ಅಪರಾಧದೊಳಗೆ ತರಲಿಲ್ಲ. ನನಗಂತೂ ಇದು ಆ ತೀರ್ಪಿನ ದೊಡ್ಡ ಕೊರತೆ ಅನಿಸುತ್ತದೆ.

ನರಮೇಧದ ಜೊತೆ ಇದನ್ನು ಬೆರೆಸಬೇಡಿ. ಅಲ್ಲಿ ಒಂದು ಜನಾಂಗವನ್ನೋ ಧರ್ಮದವರನ್ನೋ ನಾಶ ಮಾಡುವ ಉದ್ದೇಶವನ್ನೇ ಸಾಬೀತು ಮಾಡಬೇಕು. ಅದು ಜಾಸ್ತಿ ಕಷ್ಟ.

ಇನ್ನು ನಮ್ಮ ದೇಶ. ಭಾರತ ರೋಮ್ ಶಾಸನಕ್ಕೆ ಸೇರಿಲ್ಲ. 1984ರ ದೆಹಲಿಯ ಸಿಖ್ಖರ ಹತ್ಯೆಯ ಒಂದು ಕೇಸಿನಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಮಾಜಿ ಸಂಸದ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟ ದೆಹಲಿ ಹೈಕೋರ್ಟು, ಮಾನವೀಯತೆಯ ವಿರುದ್ಧದ ಅಪರಾಧವಾಗಲೀ ನರಮೇಧವಾಗಲೀ ನಮ್ಮ ಕ್ರಿಮಿನಲ್ ಕಾನೂನಿನಲ್ಲಿಲ್ಲ, ಈ ಲೋಪವನ್ನು ಬೇಗ ಸರಿಪಡಿಸಬೇಕು ಎಂದಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಗುಂಪು ಹತ್ಯೆಗೆ, ಸಂಘಟಿತ ಅಪರಾಧಕ್ಕೆ ಅದರಲ್ಲಿ ಹೊಸದಾಗಿ ಜಾಗ ಸಿಕ್ಕಿತು. ಮಾನವೀಯತೆಯ ವಿರುದ್ಧದ ಅಪರಾಧಕ್ಕೆ ಸಿಗಲಿಲ್ಲ.