ದಿವಾಳಿಯ ನಂತರ ಗೃಹಸಾಲ: ಹಳೆಯ ಖಾತೆ ಮುಚ್ಚಿದ ಬಗೆಯೇ ಮುಖ್ಯ

ವ್ಯಾಪಾರ ಕೈಕೊಟ್ಟು, ಕೆಲಸ ಹೋಗಿ ಅಥವಾ ಮನೆಯಲ್ಲಿ ದೀರ್ಘ ಕಾಯಿಲೆ ಬಂದು ಸಾಲ ತೀರಿಸಲಾಗದೆ ಹೋದವರು ಕೆಲವು ವರ್ಷಗಳಲ್ಲಿ ಚೇತರಿಸಿಕೊಂಡು ಗೃಹಸಾಲದ ಸಲಹೆಗಾಗಿ ನನ್ನ ಬಳಿ ಬಂದಾಗ, ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಸಿಬಿಲ್ ಸ್ಕೋರ್ ಎಷ್ಟಿರಬೇಕು ಎಂಬುದೇ ಆಗಿರುತ್ತದೆ. 300ರಿಂದ 900ರವರೆಗಿನ ಆ ಅಂಕಿಗೆ ಮಹತ್ವವಿದೆ. ಆದರೆ ಅದು ಅರ್ಜಿಯನ್ನು ಮಂಜೂರಾತಿ ಅಧಿಕಾರಿಯ ಮೇಜಿನವರೆಗೆ ತಲುಪಿಸುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಅವರು ಓದುವುದು ನಿಮ್ಮ ಸಾಲಗಳ ಇತಿಹಾಸ ತೋರಿಸುವ ಕ್ರೆಡಿಟ್ ವರದಿಯಲ್ಲಿರುವ ಒಂದೊಂದು ಹಳೆಯ ಖಾತೆಯ ವಿವರವನ್ನು. ಸಾಲಗಾರ ಎಡವಿದ್ದು ಏಕೆ ಎಂಬುದಕ್ಕಿಂತಲೂ, ಎಡವಿದ ನಂತರ ಆ ಸಾಲವನ್ನು ಹೇಗೆ ಮುಗಿಸಿದ ಎಂಬುದೇ ಹೆಚ್ಚಿನ ಅರ್ಜಿಗಳ ಹಣೆಬರಹವನ್ನು ನಿರ್ಧರಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕಾನೂನಿನ ಮಾತು. ನ್ಯಾಯಾಲಯದಿಂದ ದಿವಾಳಿ ಎಂದು ಘೋಷಿಸಿಕೊಂಡ ವ್ಯಕ್ತಿಗಳು ನಮ್ಮ ದೇಶದಲ್ಲಿ ವಿರಳ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಉಳಿದವರು, ಮುಂಬೈ, ಕೋಲ್ಕತ್ತ, ಚೆನ್ನೈ ನಗರಗಳನ್ನು ಬಿಟ್ಟರೆ, ಇಂದಿಗೂ ಜಿಲ್ಲಾ ನ್ಯಾಯಾಲಯದಲ್ಲಿ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ ಅರ್ಜಿ ಹಾಕಬೇಕು. ಹಾಗೆ ದಿವಾಳಿಯೆಂದು ಘೋಷಿತರಾದವರು, ಹಳೆಯ ಸಾಲಗಳ ಹೊಣೆಯಿಂದ ಬಿಡಿಸುವ ವಿಮೋಚನೆಯ ಆದೇಶ ಕೈಗೆ ಬರುವವರೆಗೆ ಗೃಹಸಾಲದ ಯೋಚನೆಯನ್ನೇ ಮಾಡಬಾರದು. ಆ ಆದೇಶಕ್ಕೆ ಮೊದಲು ಸಂಪಾದಿಸಿದ ಆಸ್ತಿ ಸಾಲ ಕೊಟ್ಟವರಿಗೆ ಹಂಚಿಕೆಯಾಗಲೆಂದು ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರ್‌ನ ವಶಕ್ಕೆ ಹೋಗುತ್ತದೆ. ತಾನು ವಿಮೋಚನೆಯಾಗದ ದಿವಾಳಿ ಎಂಬುದನ್ನು ತಿಳಿಸದೆ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ಪಡೆಯುವುದು ಅದೇ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಶತಮಾನದ ಹಿಂದಿನ ಆ ಮೊತ್ತ ಇಂದು ಅತ್ಯಲ್ಪವೆನಿಸಬಹುದು, ಆದರೆ ಬ್ಯಾಂಕಿನ ಅರ್ಜಿಯಲ್ಲಿ ಈ ಸಂಗತಿಯನ್ನು ಮುಚ್ಚಿಡುವುದು ಎಷ್ಟು ಗಂಭೀರ ವಿಷಯ ಎಂಬುದು ಅದರಿಂದ ತಿಳಿಯುತ್ತದೆ.

ಬಹುಪಾಲು ಜನರ ದಿವಾಳಿತನ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದಾಗ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎಂದು ವರ್ಗೀಕರಣವಾಗುತ್ತದೆ, ವಸೂಲಿಯವರು ಬರುತ್ತಾರೆ, ಕೊನೆಗೆ ಒಂದಷ್ಟು ಹಣ ಕಟ್ಟಿಸಿಕೊಂಡು ಉಳಿದದ್ದನ್ನು ಬಿಟ್ಟುಕೊಡುವ ಒನ್ ಟೈಮ್ ಸೆಟಲ್‌ಮೆಂಟ್ ನಡೆಯುತ್ತದೆ. ತೊಂದರೆ ಬೇರೂರುವುದು ಇಲ್ಲಿಯೇ. ಉದಾಹರಣೆಗೆ ಕ್ರೆಡಿಟ್ ಕಾರ್ಡಿನಲ್ಲಿ 1,80,000 ರೂಪಾಯಿ ಬಾಕಿಯಿದ್ದು 75,000ಕ್ಕೆ ಇತ್ಯರ್ಥವಾಯಿತು ಎಂದುಕೊಳ್ಳಿ. ಸಾಲಗಾರನ ಮನಸ್ಸಿನಲ್ಲಿ ಆ ಸಾಲ ಅಂದಿಗೆ ಮುಗಿಯಿತು. ವರದಿಯಲ್ಲಿ ಮಾತ್ರ ಆ ಖಾತೆಯ ಎದುರು ‘ಕ್ಲೋಸ್ಡ್’ ಎಂದು ಬಾರದೆ ‘ಸೆಟಲ್ಡ್’ ಎಂದು ದಾಖಲಾಗುತ್ತದೆ. ಅದರ ಕೆಳಗೆ ತಿಂಗಳುವಾರು ಚೌಕಗಳಲ್ಲಿ 030, 060, 090 ಎಂದು ಏರುತ್ತಾ ಹೋದ ವಿಳಂಬದ ದಿನಗಳು ಕಾಣುತ್ತವೆ. ಮಂಜೂರಾತಿ ಅಧಿಕಾರಿ ಇದನ್ನು ಓದುವುದು ಒಂದೇ ರೀತಿಯಲ್ಲಿ: ಈ ವ್ಯಕ್ತಿಯಿಂದ ಒಂದು ಸಂಸ್ಥೆ 1,05,000 ರೂಪಾಯಿ ಕಳೆದುಕೊಂಡಿದೆ. ‘ರಿಟನ್ ಆಫ್’ ಎಂದಿದ್ದರೆ ಸ್ಥಿತಿ ಇನ್ನೂ ಕಠಿಣ. ಬ್ಯಾಂಕು ತನ್ನ ಲೆಕ್ಕಪುಸ್ತಕದಿಂದ ಸಾಲವನ್ನು ತೆಗೆದುಹಾಕಿದೆಯೇ ಹೊರತು ಸಾಲಗಾರನ ಹೊಣೆ ತೀರಿಲ್ಲ ಎಂಬುದೇ ಅದರ ಅರ್ಥ. ಇದನ್ನು ಸಾಲ ಮನ್ನಾ ಎಂದು ತಿಳಿದು ನೆಮ್ಮದಿಯಿಂದಿದ್ದವರನ್ನು ನಾನು ಪದೇ ಪದೇ ಕಾಣುತ್ತೇನೆ.

ಆದ್ದರಿಂದ, ಕೈಯಲ್ಲಿ ಸ್ವಲ್ಪ ಹಣ ಸೇರಿದ ಕೂಡಲೇ ಮುಂಗಡ ಕೊಟ್ಟು ಮನೆ ನೋಡುವುದಕ್ಕಿಂತ, ಹಿಂದೆ ಬಿಟ್ಟುಕೊಡಲಾದ ಮೊತ್ತವನ್ನು ಹಳೆಯ ಸಂಸ್ಥೆಗೆ ಕಟ್ಟಿ ಖಾತೆಯನ್ನು ಪೂರ್ಣವಾಗಿ ಮುಚ್ಚಿಸಲು ಸಾಧ್ಯವೇ ಎಂದು ವಿಚಾರಿಸುವುದು ಒಳಿತು. ಮೊತ್ತ ಚಿಕ್ಕದಾಗಿದ್ದರೆ ಇದರಷ್ಟು ಫಲ ಕೊಡುವ ಖರ್ಚು ಇನ್ನೊಂದಿಲ್ಲ. ಆದರೆ ಹಣ ಕಟ್ಟುವ ಮೊದಲೇ, ಇಷ್ಟು ಪಾವತಿಯಾದ ಮೇಲೆ ಖಾತೆಯ ಸ್ಥಿತಿಯನ್ನು ಬದಲಿಸಿ ಎಲ್ಲ ಸಾಲ ಮಾಹಿತಿ ಸಂಸ್ಥೆಗಳಿಗೂ ವರದಿ ಮಾಡುತ್ತೇವೆ ಎಂಬ ಮಾತನ್ನು ಪತ್ರದಲ್ಲಿ ಪಡೆದುಕೊಳ್ಳಬೇಕು. ಫೋನಿನಲ್ಲಿ ವಸೂಲಿ ಪ್ರತಿನಿಧಿ ಕೊಟ್ಟ ಭರವಸೆಯನ್ನು ಮುಂದೊಂದು ದಿನ ಯಾರೂ ಒಪ್ಪುವುದಿಲ್ಲ. ಪಾವತಿಯ ರಸೀದಿ, ಬಾಕಿಯಿಲ್ಲವೆಂಬ ಪ್ರಮಾಣಪತ್ರ, ದಾವೆ ಹೂಡಿದ್ದರೆ ಅದನ್ನು ಹಿಂಪಡೆದ ಮೆಮೊ, ಅಡಮಾನವಿದ್ದರೆ ಸೆರ್ಸಾಯ್ ಎಂಬ ಕೇಂದ್ರೀಯ ಅಡಮಾನ ನೋಂದಣಿಯಲ್ಲಿ ಋಣಭಾರ ತೆರವಾದ ದಾಖಲೆ, ಇವೆಲ್ಲ ಒಂದೇ ಕಡತದಲ್ಲಿರಲಿ.

ಹೆಚ್ಚು ಕಾಲ ಹಿಡಿಯುವ ಪ್ರಕರಣಗಳೆಂದರೆ ಬ್ಯಾಂಕು ಆ ಸಾಲವನ್ನು, ಬಾಕಿ ಸಾಲಗಳನ್ನು ಕೊಂಡು ವಸೂಲಿ ಮಾಡುವ ಆಸ್ತಿ ಪುನರ್ನಿರ್ಮಾಣ ಕಂಪನಿಗೆ ಮಾರಿಬಿಟ್ಟಿರುವಂಥವು. ಸಾಲಗಾರ ಆ ಕಂಪನಿಗೆ ಹಣ ಕಟ್ಟಿರುತ್ತಾನೆ, ವರದಿಯಲ್ಲಿ ಅದರ ಸಾಲು ಸರಿಯಾಗಿರುತ್ತದೆ, ಆದರೆ ಮೂಲ ಬ್ಯಾಂಕಿನ ಸಾಲು ಹಳೆಯ ಬಾಕಿಯನ್ನೇ ತೋರಿಸುತ್ತಿರುತ್ತದೆ. ಒಂದೇ ಸಾಲ ಎರಡು ಕಡೆ ಕಂಡು ಅರ್ಜಿ ತಿರಸ್ಕೃತವಾಗುತ್ತದೆ. ಸಾಲ ವರ್ಗಾವಣೆಯ ಪತ್ರದ ಪ್ರತಿಯನ್ನೂ ಕಂಪನಿ ಕೊಟ್ಟ ಪ್ರಮಾಣಪತ್ರವನ್ನೂ ಜೊತೆಗಿಟ್ಟು ಎರಡೂ ಕಡೆಗೆ ಬರೆಯದೆ ಇದು ಬಗೆಹರಿಯುವುದಿಲ್ಲ.

ವರದಿಯಲ್ಲಿನ ತಪ್ಪುಗಳ ತಿದ್ದುಪಡಿಗೆ ಹಣ ಕೊಡಬೇಕಾಗಿಲ್ಲ. ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈ ಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಒಂದರಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ತಪ್ಪಾಗಿರಬಹುದು, ಆದ್ದರಿಂದ ನಾಲ್ಕನ್ನೂ ತರಿಸಿ ನೋಡಬೇಕು. ದೂರು ಕೊಟ್ಟ 30 ದಿನಗಳೊಳಗೆ ಅದು ಬಗೆಹರಿಯದಿದ್ದರೆ ಆನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಶುಲ್ಕ ಕೊಟ್ಟರೆ ‘ಸೆಟಲ್ಡ್’ ಎಂಬುದನ್ನು ಅಳಿಸಿಕೊಡುತ್ತೇವೆ ಎನ್ನುವ ಏಜೆಂಟರನ್ನು ದಯವಿಟ್ಟು ನಂಬಬೇಡಿ. ಸಾಲ ಕೊಟ್ಟ ಸಂಸ್ಥೆ ದೃಢಪಡಿಸದೆ ನಿಜವಾದ ದಾಖಲೆಯನ್ನು ಮಾಹಿತಿ ಸಂಸ್ಥೆಗಳು ಬದಲಿಸುವುದಿಲ್ಲ. ಮೊದಲೇ ಸೋತು ಬಂದವರ ಉಳಿತಾಯವನ್ನು ಈ ರೀತಿ ಕಿತ್ತುಕೊಳ್ಳುವುದನ್ನು ಕಂಡಾಗ ನನಗೆ ತುಂಬ ನೋವಾಗುತ್ತದೆ.

ಎಷ್ಟು ಕಾಲ ಕಾಯಬೇಕು? ರಿಸರ್ವ್ ಬ್ಯಾಂಕು 2023ರ ಜೂನ್ 8ರಂದು ಹೊರಡಿಸಿದ ಚೌಕಟ್ಟಿನ ಪ್ರಕಾರ, ರಾಜಿ ಇತ್ಯರ್ಥ ಮಾಡಿಕೊಂಡವರಿಗೆ ಹೊಸ ಸಾಲ ಕೊಡುವ ಮೊದಲು ಕೃಷಿಯೇತರ ಸಾಲಗಳಲ್ಲಿ ಕನಿಷ್ಠ 12 ತಿಂಗಳ ಅಂತರ ಇರಬೇಕು, ಮತ್ತು ಸಂಸ್ಥೆಗಳು ತಮ್ಮ ಆಡಳಿತ ಮಂಡಳಿಯ ನೀತಿಯಂತೆ ಇದನ್ನು ಹೆಚ್ಚಿಸಬಹುದು. ಇನ್ನೊಂದು ತಪ್ಪು ತಿಳಿವಳಿಕೆಯೆಂದರೆ ಏಳು ವರ್ಷ ಕಳೆದರೆ ಎಲ್ಲವೂ ತಾನಾಗಿಯೇ ಅಳಿಸಿಹೋಗುತ್ತದೆ ಎಂಬುದು. ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕೆಂದು ನಿಯಮ ಹೇಳುತ್ತದೆ. ಆಮೇಲೆ ಅಳಿಸಲೇಬೇಕೆಂದು ಅದರ ಅರ್ಥವಲ್ಲ. ಶಕ್ತಿಯಿದ್ದೂ ಬೇಕೆಂದೇ ಸಾಲ ಕಟ್ಟದ ಉದ್ದೇಶಪೂರ್ವಕ ಸುಸ್ತಿದಾರರ ಪಟ್ಟಿಗೆ ಸೇರಿದವರದು ಬೇರೆಯೇ ದಾರಿ. ಹೆಸರು ಪಟ್ಟಿಯಿಂದ ತೆಗೆದ ಮೇಲೂ ಒಂದು ವರ್ಷ ಅವರಿಗೆ ಹೊಸ ಸಾಲವಿಲ್ಲ.

ಈ ಕಾಯುವ ಅವಧಿಯಲ್ಲಿ ವರದಿಯಲ್ಲಿ ಹೊಸ, ಶುದ್ಧವಾದ ಸಾಲುಗಳು ಮೂಡಬೇಕು. ನಿಶ್ಚಿತ ಠೇವಣಿಯ ಆಧಾರದ ಮೇಲೆ ಸಿಗುವ ಕ್ರೆಡಿಟ್ ಕಾರ್ಡಿನಲ್ಲಿ ಸಣ್ಣ ಖರ್ಚು ಮಾಡಿ ಪ್ರತಿ ತಿಂಗಳೂ ಪೂರ್ಣ ಬಿಲ್ಲನ್ನು ಗಡುವಿನೊಳಗೆ ಕಟ್ಟಿದರೆ ಸಾಕು. ಇದರ ಜೊತೆಗೆ, ಮುಂದೆ ಕಟ್ಟಬೇಕಾದ ಕಂತಿನಷ್ಟು ಹಣವನ್ನು ಈಗಿನ ಬಾಡಿಗೆಯನ್ನು ಕಳೆದು ಪ್ರತಿ ತಿಂಗಳು ಆರ್‌ಡಿಗೆ (ತಿಂಗಳ ಕಂತಿನ ಠೇವಣಿಗೆ) ಹಾಕುವಂತೆ ನಾನು ಹೇಳುತ್ತೇನೆ. ಬ್ಯಾಂಕಿಗೆ ಮಾರ್ಜಿನ್ ಹಣದ, ಅಂದರೆ ಮನೆಯ ಬೆಲೆಯಲ್ಲಿ ನೀವೇ ಹಾಕುವ ಪಾಲಿನ, ಮೂಲ ತೋರಿಸಬೇಕಾದಾಗ, ಅರ್ಜಿಯ ಹಿಂದಿನ ವಾರ ಯಾರೋ ಜಮಾ ಮಾಡಿದ ದೊಡ್ಡ ಮೊತ್ತಕ್ಕಿಂತ ಆ ಪಾಸ್‌ಬುಕ್ಕು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಕುತೂಹಲಕ್ಕೆಂದು ಹತ್ತು ಕಡೆ ಅರ್ಜಿ ಹಾಕಬೇಡಿ, ಪ್ರತಿ ಸಂಸ್ಥೆಯ ವಿಚಾರಣೆಯೂ ವರದಿಯಲ್ಲಿ ಉಳಿಯುತ್ತದೆ.

ಅರ್ಜಿ ಸಲ್ಲಿಸುವಾಗ ಹಿಂದಿನ ಸಂಗತಿಯನ್ನು ಒಂದು ಪುಟದ ಪತ್ರದಲ್ಲಿ ದಿನಾಂಕಗಳ ಸಹಿತ ನೀವೇ ಬರೆದುಕೊಡಿ. ಆದಾಯ ನಿಂತದ್ದು ಯಾವಾಗ, ಏಕೆ, ಯಾವ ಖಾತೆ ಯಾವ ದಿನ ಮುಚ್ಚಿತು, ಈಗಿನ ಆದಾಯ ಎಷ್ಟು ಕಾಲದಿಂದ ಸ್ಥಿರವಾಗಿದೆ, ಇಷ್ಟೇ ಇರಲಿ. ಅಧಿಕಾರಿ ತಾನಾಗಿ ಕಂಡುಹಿಡಿದಾಗ ಸಂಶಯಕ್ಕೆ ಕಾರಣವಾಗುವ ಸಂಗತಿಯೇ, ಅರ್ಜಿದಾರ ದಾಖಲೆ ಸಮೇತ ಮುಂದಿಟ್ಟಾಗ ಮೇಲಧಿಕಾರಿಗೆ ಬರೆಯುವ ಟಿಪ್ಪಣಿಗೆ ಆಧಾರವಾಗುತ್ತದೆ. ಪತಿ ಅಥವಾ ಪತ್ನಿಯನ್ನು ಸಹ ಅರ್ಜಿದಾರರನ್ನಾಗಿ ಸೇರಿಸಿದರೆ ಆದಾಯದ ಲೆಕ್ಕಕ್ಕೆ ನೆರವಾಗುತ್ತದೆ, ಆದರೆ ಇಬ್ಬರ ವರದಿಯನ್ನೂ ನೋಡುವುದರಿಂದ ಹಳೆಯ ದಾಖಲೆ ಮರೆಯಾಗುವುದಿಲ್ಲ.

ಸಾಲದ ಮೊತ್ತದಲ್ಲಿ ಸಂಯಮವಿರಲಿ. 30 ಲಕ್ಷದವರೆಗಿನ ಸಾಲದಲ್ಲಿ ಆಸ್ತಿಯ ಮೌಲ್ಯದ ಶೇ. 90ರವರೆಗೆ ಕೊಡಲು ನಿಯಮದಲ್ಲಿ ಅವಕಾಶವಿದೆ, ಆದರೆ ಹಿಂದೆ ಎಡವಿದವರು ಅಷ್ಟು ಕೇಳುವುದು ಜಾಣತನವಲ್ಲ. ಶೇ. 70ಕ್ಕೆ ಇಳಿದರೆ ಬ್ಯಾಂಕಿನ ಭಯವೂ ಇಳಿಯುತ್ತದೆ. ಬಡ್ಡಿ ಹೆಚ್ಚಾಗಿಯೇ ಇರುತ್ತದೆ ಎಂದುಕೊಂಡು ಲೆಕ್ಕ ಹಾಕಿ: 20 ವರ್ಷಗಳ 25 ಲಕ್ಷದ ಸಾಲಕ್ಕೆ ಶೇ. 9ರಲ್ಲಿ ಕಂತು ಸುಮಾರು 22,500 ರೂಪಾಯಿ, ಶೇ. 11ರಲ್ಲಿ ಸುಮಾರು 25,800. ಈ ಎರಡನೆಯ ಕಂತನ್ನು ಕಷ್ಟವಿಲ್ಲದೆ ಕಟ್ಟಬಲ್ಲಿರಾದರೆ ಮಾತ್ರ ಮುಂದುವರಿಯಿರಿ. ವ್ಯಕ್ತಿಗಳಿಗೆ ಕೊಡುವ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ. ಎರಡು ಮೂರು ವರ್ಷ ಒಂದೂ ಕಂತು ತಪ್ಪದಿದ್ದರೆ ಕಡಿಮೆ ಬಡ್ಡಿಯ ಬ್ಯಾಂಕಿಗೆ ಸಾಲವನ್ನು ವರ್ಗಾಯಿಸಲು ಯತ್ನಿಸಬಹುದು. ಆದ್ದರಿಂದ ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಬಡ್ಡಿ ಬದಲಾಗುವಂಥದೋ ಸ್ಥಿರವೋ, ನಿಮ್ಮ ಹಳೆಯ ದಾಖಲೆಯ ಕಾರಣಕ್ಕೆ ಸೇರಿಸಿದ ಹೆಚ್ಚುವರಿ ಬಡ್ಡಿ ಎಷ್ಟು, ಅದನ್ನು ಯಾವಾಗ ಮರುಪರಿಶೀಲಿಸುತ್ತಾರೆ ಎಂಬ ಮೂರು ಸಾಲುಗಳನ್ನು ಓದಿ, ಅವು ಪತ್ರದಲ್ಲಿ ಇಲ್ಲದಿದ್ದರೆ ಬರೆಸಿಕೊಳ್ಳಿ.