ಬೆಳಕಿಗೆ ಕವಲು ಹಾಕಿದ ಕೋಣೆ

ಹೋದ ಮಳೆಗಾಲದಲ್ಲಿ ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಇಂಟರ್ನೆಟ್ ಡಬ್ಬಿ ಕೆಂಪು ಲೈಟ್ ತೋರಿಸಿತು. ಎರಡು ದಿನ ಫೋನ್ ಮಾಡಿದ ಮೇಲೆ ಲೈನ್‌ಮನ್ ಹುಡುಗ ಬಂದ. ಕಂಬಕ್ಕೆ ಏಣಿ ಹಚ್ಚಿ, ಕರಿ ಡಬ್ಬಿ ಬಿಚ್ಚಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆಗೆ ಮೀಟರ್ ಸಿಕ್ಕಿಸಿದ. “ಮೈನಸ್ 29 ಐತ್ರಿ ಸರ. ಬೆಳಕ ಬರವಲ್ದು,” ಅಂದ. ಮೀಟರ್ ಅಳೆಯುವುದು ಬೆಳಕಿನ ಬಲವನ್ನು; ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ.

ಆ ಡಬ್ಬಿಯಲ್ಲಿ ಇರುವುದು ಸ್ಪ್ಲಿಟರ್. ಒಂದು ಎಳೆ ಒಳಗೆ ಹೋಗುತ್ತದೆ, ಎಂಟು ಎಳೆ ಹೊರಗೆ ಬರುತ್ತವೆ. ಕರೆಂಟ್ ಬೇಡ, ಸ್ವಿಚ್ ಇಲ್ಲ. ಗಾಜೇ ಬೆಳಕನ್ನು ಹಂಚುತ್ತದೆ. ಇಲ್ಲಿ ಒಂದು ಮಜಾ ಇದೆ. ಕಾಲುವೆಗೆ ಎರಡು ಕವಲು ಮಾಡಿದರೆ ಒಂದೊಂದಕ್ಕೂ ಅರ್ಧ ನೀರು, ಅದಕ್ಕೇ ರೈತರ ಜಗಳ. ಬೆಳಕಿಗೆ ಕವಲು ಮಾಡಿದರೆ ಹೊಳಪು ಮಾತ್ರ ಅರ್ಧ. ಅದು ಹೊತ್ತು ತಂದ ಸುದ್ದಿ ಎರಡೂ ಕಡೆ ಪೂರ್ತಿ ಸಿಗುತ್ತದೆ. ಪಕ್ಕದ ಮನೆಯವರು ನೋಡುವ ವಿಡಿಯೋ ನಮ್ಮ ಎಳೆಗೂ ಬಂದಿರುತ್ತದೆ. ಅದಕ್ಕೆ ಬೀಗ ಹಾಕಿರುವುದರಿಂದ ನಮ್ಮ ಡಬ್ಬಿ ಅದನ್ನು ಬಿಟ್ಟುಬಿಡುತ್ತದೆ, ಅಷ್ಟೇ.

ಇದನ್ನು ಹೇಳುತ್ತಾ ನಾನು ಆ ಹುಡುಗನಿಗೆ ಮಾರ್ಕ್ ಕ್ಲೈನ್ ಕತೆ ಹೇಳಿದೆ. ಅವರೂ ಅವನ ಹಾಗೆ ಟೆಕ್ನಿಷಿಯನ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಟಿ ಅಂಡ್ ಟಿ ಕಂಪನಿಯ ಕಟ್ಟಡದಲ್ಲಿ 641ಎ ಅಂತ ಒಂದು ಕೋಣೆ ಇತ್ತು. ಬೇರೆ ಕೆಲಸಗಾರರಿಗೆ ಒಳಗೆ ಬಿಡುತ್ತಿರಲಿಲ್ಲ. ಆದರೆ ಎಳೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಅನ್ನುವ ನಕ್ಷೆ ಕ್ಲೈನ್ ಕೈಗೆ ಬಂತು. ಇಂಟರ್ನೆಟ್ಟಿನ ದೊಡ್ಡ ಎಳೆಗಳಿಗೆ ಸ್ಪ್ಲಿಟರ್ ಹಾಕಿ, ಒಂದು ಪ್ರತಿಯನ್ನು ಆ ಕೋಣೆಗೆ ಕಳಿಸುತ್ತಿದ್ದರು. ಕೋಣೆಯ ಹಿಂದೆ ಇದ್ದದ್ದು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ. 2004ರಲ್ಲಿ ಕ್ಲೈನ್ ನಿವೃತ್ತರಾದರು. 2006ರಲ್ಲಿ ಆ ಕಾಗದಗಳನ್ನು ಹೊರಗೆ ಹಾಕಿದರು. ಕೇಸು ಕೋರ್ಟಿಗೆ ಹೋಯಿತು. 2008ರಲ್ಲಿ ಅಮೆರಿಕದ ಸಂಸತ್ತು ಫೋನ್ ಕಂಪನಿಗಳನ್ನು ಹಿಂದಿನ ತಾರೀಖಿನಿಂದಲೇ ಕಾಪಾಡುವ ಕಾನೂನು ಮಾಡಿತು. ಹೇಳಿದ ಮನುಷ್ಯ ಹೇಳಿದ್ದೇ ಬಂತು!

ನಮ್ಮಲ್ಲಿ ಕದ್ದಾಲಿಕೆ ಅಂದರೆ ಹಿರಿಯರಿಗೆ 1988 ನೆನಪಾಗುತ್ತದೆ. ಫೋನ್ ಕದ್ದಾಲಿಕೆ ಆರೋಪದ ಮೇಲೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಮೂರು ವರ್ಷದ ನಂತರ ಇದೇ ಬಾಗಲಕೋಟೆಯಿಂದ ಲೋಕಸಭೆಗೆ ನಿಂತು ಸಿದ್ದು ನ್ಯಾಮಗೌಡರ ಎದುರು ಸೋತರು. (ಕದ್ದಾಲಿಕೆಗೇ ಸೋತರು ಅಂತ ನಾನು ಹೇಳಲ್ಲ. ನ್ಯಾಮಗೌಡರು ರೈತರನ್ನು ಕಟ್ಟಿಕೊಂಡು ಕೃಷ್ಣೆಗೆ ಬ್ಯಾರೇಜ್ ಕಟ್ಟಿದವರು.) ಆ ಕಾಲದ ಕದ್ದಾಲಿಕೆ ಬೇರೆ. ಮೊದಲು ಮನುಷ್ಯನನ್ನು ಆರಿಸಿಕೊಳ್ಳುವುದು, ಆಮೇಲೆ ಅವನ ಲೈನಿಗೆ ಕಿವಿ ಕೊಡುವುದು. ಸಾಮೂಹಿಕ ಕಣ್ಗಾವಲು ಇದರ ಉಲ್ಟಾ. ಮೊದಲು ಎಲ್ಲರದ್ದೂ ತುಂಬಿಡುವುದು, ಆಮೇಲೆ ಬೇಕಾದವರನ್ನು ಹುಡುಕುವುದು.

2013ರಲ್ಲಿ ಎನ್‌ಎಸ್‌ಎಗೆ ಗುತ್ತಿಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆ ತಂದದ್ದು ಇದನ್ನೇ. ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಫೋನ್ ಮಾಡಿದರು ಅನ್ನುವ ಲೆಕ್ಕವನ್ನು ಎನ್‌ಎಸ್‌ಎ ರಾಶಿರಾಶಿಯಾಗಿ ಕೂಡಿಡುತ್ತಿತ್ತು. ಮಾತು ಕೇಳಿಲ್ಲವಲ್ಲ, ಬರೀ ನಂಬರ್ ತಾನೇ ಅಂತ ಸರ್ಕಾರದ ಸಮಜಾಯಿಷಿ. ಆದರೆ ಲೆಕ್ಕ ಹಾಕಿ ನೋಡಿ. ಅನುಮಾನ ಬಂದ ಒಬ್ಬನಿಂದ ಮೂರು ಹೆಜ್ಜೆ ದೂರದವರೆಗೆ ಹುಡುಕಲು ಆಗ ಅವಕಾಶ ಇತ್ತು. ಒಬ್ಬೊಬ್ಬರಿಗೆ 100 ಜನರ ಒಡನಾಟ ಅಂದುಕೊಳ್ಳಿ. ಮೊದಲ ಹೆಜ್ಜೆಗೆ 100, ಎರಡನೆಯದಕ್ಕೆ 10,000, ಮೂರನೆಯದಕ್ಕೆ 10 ಲಕ್ಷ. 2011ರ ಜನಗಣತಿಯ ಪ್ರಕಾರ ನಮ್ಮ ಇಡೀ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷ. ಬೀಗರು ಬಿಜ್ಜರು ಅಂತ ಅದೇ ಮುಖಗಳು ಮತ್ತೆ ಮತ್ತೆ ಬರುವುದರಿಂದ ಒಂದಿಷ್ಟು ಕಡಿಮೆಯಾದೀತು. ಆದರೂ ಸಣ್ಣ ಬಲೆ ಅಲ್ಲ, ಅಲ್ವಾ?

ಈ ಬಲೆ ಮೊದಲು ಹಿಡಿಯುವುದು ಅದರ ಗುಟ್ಟು ಹೇಳಿದವನನ್ನೇ. 15 ಲಕ್ಷ ಮೊಬೈಲ್ ಬಳಕೆದಾರರ ಓಡಾಟದ ದಾಖಲೆ ನೋಡಿದ ಒಂದು ಅಧ್ಯಯನ 2013ರಲ್ಲಿ ಬಂತು. ಹೆಸರು, ನಂಬರ್ ಅಳಿಸಿದ್ದರೂ, ಎಲ್ಲಿ ಯಾವಾಗ ಇದ್ದರು ಅನ್ನುವ ನಾಲ್ಕೇ ನಾಲ್ಕು ಗುರುತು ಸಾಕು, 100ಕ್ಕೆ 95 ಜನರನ್ನು ಬೇರೆ ಮಾಡಿ ತೋರಿಸಬಹುದು. ಬೆಳಿಗ್ಗೆ ನವನಗರ ಬಸ್ ಸ್ಟ್ಯಾಂಡ್, ಹನ್ನೊಂದಕ್ಕೆ ವಿದ್ಯಾಗಿರಿ, ಸಂಜೆ ಮುಚಖಂಡಿ, ರಾತ್ರಿ ಮನೆ. ಇಷ್ಟರಲ್ಲಿ ನಾನೇ ಸಿಕ್ಕಿಬಿದ್ದೆ.

ಕಾಗದವೂ ಚಾಡಿ ಹೇಳುತ್ತದೆ. ತುಂಬಾ ಕಲರ್ ಲೇಸರ್ ಪ್ರಿಂಟರ್‌ಗಳು ಪ್ರತಿ ಹಾಳೆಯ ಮೇಲೂ ಕಣ್ಣಿಗೆ ಕಾಣದ ಹಳದಿ ಚುಕ್ಕಿಗಳನ್ನು ಇಡುತ್ತವೆ. ಮಷೀನಿನ ನಂಬರ್, ತಾರೀಖು, ಟೈಮ್ ಎಲ್ಲ ಆ ಚುಕ್ಕಿಗಳ ಸಾಲಿನಲ್ಲಿ ಇರಬಹುದು. ಮಗಳ ಪ್ರಾಜೆಕ್ಟಿಗೆ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ಹಾಳೆಯನ್ನು ರಾತ್ರಿ ನೀಲಿ ಎಲ್‌ಇಡಿ ಝೀರೋ ಬಲ್ಬಿನ ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ. ಹಳದಿ ಶಾಯಿ ನೀಲಿ ಬೆಳಕನ್ನು ನುಂಗುತ್ತದೆ, ಹಾಗಾಗಿ ಚುಕ್ಕಿ ಕಪ್ಪಗೆ ಕಾಣುತ್ತದೆ. ಸಾಸಿವೆಗಿಂತ ಎಷ್ಟೋ ಸಣ್ಣವು, ಖಾಲಿ ಜಾಗದಲ್ಲೂ ಇದ್ದವು. ಮರುದಿನ ಅಂಗಡಿಯವರಿಗೆ ತೋರಿಸಿದರೆ, “ಪ್ರಿಂಟ್ ಕೆಟ್ಟೈತೇನ್ರಿ? ಬ್ಯಾರೆ ತಗದ ಕೊಡ್ಲೇನು?” ಅಂದರು.

2017ರಲ್ಲಿ ಎನ್‌ಎಸ್‌ಎಗೆ ಗುತ್ತಿಗೆ ಕೆಲಸ ಮಾಡುತ್ತಿದ್ದ ರಿಯಾಲಿಟಿ ವಿನ್ನರ್ ಎಂಬ 25ರ ಹುಡುಗಿ ಎನ್‌ಎಸ್‌ಎಯ ಒಂದು ವರದಿಯನ್ನು ಪತ್ರಕರ್ತರಿಗೆ ಕಳಿಸಿದಳು. ಅದು ಕಣ್ಗಾವಲಿನದ್ದಲ್ಲ, ಅಮೆರಿಕದ ಚುನಾವಣೆಯಲ್ಲಿ ರಷ್ಯಾ ನಡೆಸಿದ ಹ್ಯಾಕಿಂಗ್‌ನದ್ದು. ಪ್ರಕಟವಾದ ಪ್ರತಿಯಲ್ಲಿ ಚುಕ್ಕಿಗಳು ಉಳಿದೇ ಇದ್ದವು. ತನಿಖೆಯವರ ಅಫಿಡವಿಟ್‌ನಲ್ಲಿ ಇರುವ ದಾರಿ ಇನ್ನೂ ಸುಲಭದ್ದು. ಹಾಳೆಯಲ್ಲಿ ಮಡಿಕೆ ಗುರುತು ಇತ್ತು, ಅಂದರೆ ಯಾರೋ ಪ್ರಿಂಟ್ ತೆಗೆದಿದ್ದಾರೆ. ಪ್ರಿಂಟ್ ತೆಗೆದವರು ಆರೇ ಜನ. ಅವರಲ್ಲಿ ಒಬ್ಬಳು ಆಫೀಸ್ ಕಂಪ್ಯೂಟರಿನಿಂದ ಆ ಪತ್ರಿಕೆಗೆ ಹಿಂದೆ ಇಮೇಲ್ ಮಾಡಿದ್ದಳು. ಶಿಕ್ಷೆ 5 ವರ್ಷ 3 ತಿಂಗಳು.

ಸ್ನೋಡೆನ್ ಪಾಸ್‌ಪೋರ್ಟನ್ನು ಅಮೆರಿಕ ರದ್ದು ಮಾಡಿತು, ಅವರು ಮಾಸ್ಕೋ ವಿಮಾನ ನಿಲ್ದಾಣದಲ್ಲಿ ತಿಂಗಳಿಗಿಂತ ಜಾಸ್ತಿ ಕೂತರು. ಆ ಫೋನ್ ಲೆಕ್ಕದ ಯೋಜನೆಗೆ ಕಾನೂನಿನ ಬಲ ಇರಲಿಲ್ಲ ಅಂತ 2015ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟೇ ಹೇಳಿತು. ಆದರೂ ಅವರ ಮೇಲಿನ ಕೇಸು ಹೋಗಲಿಲ್ಲ. 2022ರಲ್ಲಿ ರಷ್ಯಾದ ಪೌರತ್ವ ಸಿಕ್ಕಿತು. ನಮ್ಮಲ್ಲಿ ವಿಶಲ್‌ಬ್ಲೋವರ್‌ಗಳನ್ನು, ಅಂದರೆ ಒಳಗಿನ ಅಕ್ರಮವನ್ನು ಹೊರಗೆ ಹೇಳುವವರನ್ನು, ಕಾಪಾಡುವ ಕಾನೂನಿಗೆ 2014ರಲ್ಲೇ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿಯಾಗುವ ತಾರೀಖು ಮಾತ್ರ ಬರಲಿಲ್ಲ. ಸರ್ಕಾರದ ಗುಟ್ಟು ಹೊರಗೆ ಹಾಕಿದವರನ್ನು ಶಿಕ್ಷಿಸುವ 1923ರ ಅಧಿಕೃತ ರಹಸ್ಯಗಳ ಕಾಯ್ದೆಗೆ ಅಂಥ ತೊಂದರೆ ಏನೂ ಇಲ್ಲ.

ಇಷ್ಟೆಲ್ಲ ಆ ಹುಡುಗನಿಗೆ ಹೇಳಲಿಲ್ಲ. ಅವನು ಕ್ಲೈನ್ ಕತೆ ಕೇಳುತ್ತಲೇ ಹೊಸ ಎಳೆ ಜೋಡಿಸಿದ, ಮೀಟರ್ ಮೈನಸ್ 20 ತೋರಿಸಿತು. ಯಾರಾದರೂ ಮಧ್ಯದಲ್ಲಿ ಸ್ಪ್ಲಿಟರ್ ಹಾಕಿ ಅರ್ಧ ಬೆಳಕು ತೆಗೆದರೆ ನಿನಗೆ ಗೊತ್ತಾಗುತ್ತಾ ಅಂತ ಕೇಳಿದೆ.

“ಮೂರ ಪಾಯಿಂಟ್ ಇಳಿತೈತ್ರಿ. ಗೊತ್ತ ಯಾಕ ಆಗಂಗಿಲ್ಲ? ಆದ್ರ ಕಂಪ್ನಿಯವ್ರು ಹಾಕ ಅಂದ್ರ ನಾನ ಹಾಕಾಂವಲ್ರೀ.”

ಏಣಿ ಮಡಚಿಕೊಂಡು, ಬೈಕ್ ಹತ್ತುವ ಮೊದಲು ತಿರುಗಿ ಕೇಳಿದ: “ಸರ, ಆ ಮನಷ್ಯಾನ ನೌಕರಿ ಹೋತೇನ್ರಿ?”

“ಇಲ್ಲಪ್ಪ, ನಿವೃತ್ತರಾದ ಮೇಲೆ ಬಾಯಿಬಿಟ್ಟರು.”

“ಶಾಣ್ಯಾ ಅದಾನ್ರಿ,” ಅಂದ, ಕಿಕ್ ಹೊಡೆದ.