ನೇರವಾಗಿ ಕೇಳಿ, ಕೇಳಿದರೆ ಕೆಟ್ಟದ್ದಾಗಲ್ಲ

ದಾವಣಗೆರೆ ಕಡೆ ಮೆಕ್ಕೆಜೋಳದ ರೇಟು ಬಿದ್ದಾಗಲೋ, ತೋಟದ ಬೋರು ಬತ್ತಿದಾಗಲೋ, ಮನೆಯಲ್ಲೊಬ್ಬರು ಮಾತು ಕಮ್ಮಿ ಮಾಡಿಬಿಡುತ್ತಾರೆ. ಊಟ ಬೇಡ ಅಂತಾರೆ, ರಾತ್ರಿಯಿಡೀ ಹೊರಳಾಡುತ್ತಾರೆ, ಒಂದು ದಿನ "ನಾನಿದ್ದೇನು ಪ್ರಯೋಜನ" ಅನ್ನೋ ಮಾತು ಬಾಯಿಂದ ಜಾರುತ್ತೆ. ಆಗ ನಾವು ತಕ್ಷಣ "ಧೈರ್ಯ ತಗೋ, ಹೆಂಡ್ತಿ ಮಕ್ಕಳ ಮುಖ ನೋಡು" ಅಂತೇವೆ. ಒಳ್ಳೆ ಮನಸ್ಸಿನಿಂದಲೇ ಹೇಳಿರುತ್ತೇವೆ, ಆದರೆ ಮಾತು ಅಲ್ಲಿಗೇ ನಿಲ್ಲುತ್ತೆ.

ಅದರ ಬದಲು ಪಕ್ಕ ಕೂತು ಕೇಳಿ: "ತಮ್ಮಾ, ಜೀವ ಕಳ್ಕೊಳ್ಳೋ ಯೋಚನೆ ಏನಾದ್ರೂ ಬರ್ತೈತೇನೋ?" ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂಗೆ ಆಗಲ್ವಾ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗಲ್ಲ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ, ಕೇಳಿದ್ದರಿಂದ ಆ ಯೋಚನೆ ಹೆಚ್ಚಾಗಿದ್ದು ಕಂಡಿಲ್ಲ. ಎಷ್ಟೋ ಜನರಿಗೆ ಹೇಳಿಕೊಂಡ ಮೇಲೆ ಎದೆ ಹಗುರಾಗುತ್ತೆ.

ವಿಪರೀತ ಒತ್ತಡದಲ್ಲಿ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಹಾರ್ಮೋನುಗಳು ಏರುತ್ತವೆ, ಹಿಂದೆಮುಂದೆ ಯೋಚಿಸಿ ತೂಗಿ ನೋಡುವ ಮಿದುಳಿನ ಮುಂಭಾಗ ಸರಿಯಾಗಿ ಕೆಲಸ ಮಾಡಲ್ಲ. ಇರುವ ಹತ್ತು ದಾರಿಯಲ್ಲಿ ಒಂದೇ ಕಾಣುತ್ತೆ. ಅಂಥ ಹೊತ್ತಲ್ಲಿ ಬುದ್ಧಿಮಾತು ಒಳಗಿಳಿಯಲ್ಲ. ಸುಮ್ನೆ ಕೇಳಿಸಿಕೊಳ್ಳಿ, ಮಧ್ಯೆ ಬಾಯಿ ಹಾಕಬೇಡಿ, ಅವರು ಅತ್ತರೆ ಅಳಲಿ.

ಸಾಯಬೇಕು ಅನ್ನೋ ಯೋಚನೆಯ ತೀವ್ರತೆ ಬಹಳ ಸಲ ಕೆಲವು ಗಂಟೆಗಳಲ್ಲಿ ಇಳಿಯುತ್ತೆ. ಅದಕ್ಕೇ ಒಬ್ಬರನ್ನೇ ಬಿಡಬಾರದು. ಅಟ್ಟದ ಮೇಲೋ ಪಂಪ್‌ಸೆಟ್ ಮನೆಯಲ್ಲೋ ಇಟ್ಟಿರುವ ಎಣ್ಣೆ ಡಬ್ಬಿ, ಅದೇ, ಹೊಲಕ್ಕೆ ಹೊಡೆಯೋ ಔಷಧಿ, ಅವತ್ತೇ ಬೇರೆಯವರ ಮನೆಗೆ ಸಾಗಿಸಿ. "ಸಾಯಬೇಕು ಅಂದವರು ಹೆಂಗಾದ್ರೂ ಸಾಯ್ತಾರೆ" ಅನ್ನೋ ಮಾತು ಸುಳ್ಳು. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ 2015ರ ಹೊತ್ತಿಗೆ ಆತ್ಮಹತ್ಯೆ ಪ್ರಮಾಣ ಶೇಕಡಾ 70ರಷ್ಟು ಇಳಿಯಿತು. ಕೈಗೆ ಸಿಗದಿದ್ದರೆ ಜೀವ ಉಳಿಯುತ್ತೆ, ನಿಜವಾಗಿಯೂ ಉಳಿಯುತ್ತೆ. ಆಗಲೇ ಏನಾದರೂ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ, 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಪೊಲೀಸ್ ಕೇಸ್ ಆಗುತ್ತೆ, ಊರಲ್ಲಿ ಗೊತ್ತಾಗುತ್ತೆ ಅಂತ ಮುಚ್ಚಿಡುವ ಮನೆಗಳು ಜಾಸ್ತಿ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಪರಿಗಣಿಸಬೇಕು, ಶಿಕ್ಷಿಸಬಾರದು ಅನ್ನುತ್ತೆ. ಚಿಕಿತ್ಸೆ ಕೊಡಿಸುವ ಹೊಣೆ ಸರ್ಕಾರದ್ದು.

ಕೇಂದ್ರ ಸರ್ಕಾರದ ಟೆಲಿಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅಕ್ಟೋಬರ್ 2022ರಿಂದ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ನೊಂದವರು ಒಪ್ಪಿದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ನೀವೇ ಜೊತೆಗೆ ಹೋಗಿ, ಚೀಟಿ ಮಾಡಿಸಿ, ಸರದಿ ಬರೋವರೆಗೂ ಅಲ್ಲೇ ಕೂತಿರಿ. ಒಪ್ಪದಿದ್ದರೆ, ಏನು ಮಾಡಬೇಕು ಅಂತ ನೀವೇ 14416ಕ್ಕೆ ಫೋನ್ ಮಾಡಿ ಕೇಳಬಹುದು.